ದೇವರ ಮನೆಯಲ್ಲೂ ಎರಡು ಹೆಸರು

ಹೋದ ಸಲ ಕೊಪ್ಪಳದಲ್ಲಿ ನಮ್ಮ ಸಭೆ ಮುಗಿದು ಜಮಖಾನೆ ಮಡಚುತ್ತಿದ್ದಾಗ ಒಬ್ಬ ಗೆಳೆಯ ಬಂದು ಈ ಪತ್ರಿಕೆಯ ಒಂದು ಪ್ರತಿ ಕೊಂಡ. ಚಿಲ್ಲರೆ ಎಣಿಸಿ ಕೊಟ್ಟ. ಆದರೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು, "ಅಣ್ಣಾರ, ನಾವು ಕಿರಿಸ್ತಾನ್ರು. ನಿಮ್ಮ ಸಭಾಕ್ಕ ಬರಬೌದೇನ್ರಿ?" ಅಂತ ಕೇಳಿದ.

ಎರಡು ತಾಸು ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಕೇಳಿದವನು ಕೊನೆಗೆ ಕೇಳಿದ ಪ್ರಶ್ನೆ ಇದು. ನಮ್ಮಲ್ಲಿ ಯಾರಿಗೂ ಕೂಡಲೇ ಬಾಯಿ ಬರಲಿಲ್ಲ. ಗುಡಿಯ ಮುಂದೆ, ಹೋಟೆಲಿನ ಮುಂದೆ, ಕ್ಷೌರದಂಗಡಿಯ ಮುಂದೆ ನಿಂತು "ಒಳಗೆ ಬರಬಹುದೇ" ಎಂದು ಕೇಳಿ ಕೇಳಿ ಸಾಕಾದ ಜನ ನಾವು. ನಮ್ಮ ಬಾಗಿಲಲ್ಲೇ ನಮ್ಮವನೊಬ್ಬ ನಿಂತು ಅದೇ ಮಾತು ಕೇಳಿದ್ದು ನಮಗೆ ನಾಚಿಕೆಯ ಸಂಗತಿ. ಈ ಸಂಪಾದಕೀಯ ಆ ನಾಚಿಕೆಯಿಂದ ಹುಟ್ಟಿದ್ದು.

ಈ ಗೆಳೆಯ ಹಗಲು ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಸಂಜೆ ಮತ್ತು ಭಾನುವಾರ ಚರ್ಚಿನ ಕೆಲಸ. ಪಗಾರ ಇಲ್ಲ. ಮಕ್ಕಳಿಗೆ ಧರ್ಮೋಪದೇಶ ಹೇಳುವುದು, ಹಾಡು ಕಲಿಸುವುದು, ಹಬ್ಬಕ್ಕೆ ಚಪ್ಪರ ಹಾಕುವುದು, ಕ್ರಿಸ್ತಜಯಂತಿಗೆ ಗೋದಲಿ ಕಟ್ಟುವುದು, ಸತ್ತವರ ಮನೆಗೆ ಮೊದಲು ಓಡುವುದು ಎಲ್ಲ ಅವನೇ. ಅವನ ಊರು, ಅವನ ಚರ್ಚು, ಅಲ್ಲಿಯ ಫಾದರ್ ಯಾರ ಹೆಸರನ್ನೂ ನಾವು ಬರೆಯುವುದಿಲ್ಲ. ಯಾಕೆ ಬರೆಯುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಕಥೋಲಿಕರಲ್ಲಿ ಒಂದು ಚರ್ಚು, ಅದರ ಸುತ್ತಲ ಹಳ್ಳಿಗಳ ವಿಶ್ವಾಸಿಗಳು, ಅವರನ್ನು ನೋಡಿಕೊಳ್ಳುವ ಗುರು ಎಲ್ಲ ಸೇರಿ ಒಂದು ಧರ್ಮಕೇಂದ್ರ. ಈ ಭಾಗಕ್ಕೆ ಅದು ಹೊಸದಲ್ಲ. ಕುಷ್ಟಗಿಯ ಪಕ್ಕದ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೂ ಕ್ರೈಸ್ತರಿದ್ದಾರೆ. ನಮ್ಮ ಕೇರಿಯ ಜನ ಯಾಕೆ ಆ ಕಡೆ ಹೋದರು ಎಂದು ಈಗಲೂ ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದ ಸಂಗತಿ ಸಾಕು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ದಲಿತರ ಮನೆಯ ಪುಟ್ಟ ಕೂಸೊಂದು ಹನುಮಪ್ಪನ ಗುಡಿಯೊಳಗೆ ಓಡಿತು. ಗುಡಿ ಶುದ್ಧ ಮಾಡಿಸಲು 25 ಸಾವಿರ ರೂಪಾಯಿ ಕಟ್ಟಿರೆಂದು ತಂದೆಯನ್ನು ಕೇಳಿದರು. ಕೂಸಿನ ಹೆಜ್ಜೆಗೂ ದಂಡ ಹಾಕುವ ದೇವರಿಗಿಂತ, ಕರೆದು ಕೂರಿಸುವ ದೇವರು ವಾಸಿ ಎಂದು ಯಾರಾದರೂ ಹೊರಟರೆ ಅದು ತಪ್ಪೇ?

ಆದರೆ ಹೊರಟವರು ಎಲ್ಲಿಗೆ ಮುಟ್ಟಿದರು? ಗೆಳೆಯ ಮೂರು ಮಾತು ಹೇಳಿದ.

ಒಂದನೆಯದು. "ಭಾನುವಾರ ಒಂದು ತಾಸು ನಾವು ಒಂದ ಮಂದಿ ರೀ. ಪೂಜಿ ಮುಗಿದು ಗೇಟು ದಾಟಿದ್ರ ಮತ್ತ ಕೇರಿ ಕೇರಿ." ಚರ್ಚಿನೊಳಗೂ ಹೊಲಗೇರಿಯವರು ಒಂದು ಕಡೆ, ಮಾದಿಗೇರಿಯವರು ಇನ್ನೊಂದು ಕಡೆ ಕೂಡುತ್ತಾರೆ. ಹಾಗೆ ಕೂಡಿರೆಂದು ಯಾರೂ ಹೇಳಿಲ್ಲ. ಹಾಗೆ ಕೂಡಬೇಡಿರೆಂದೂ ಯಾರೂ ಹೇಳಿಲ್ಲ. ಒಂದೇ ಪರಮಪ್ರಸಾದ ತಿಂದವರು ಒಬ್ಬರ ಮನೆಯಿಂದ ಇನ್ನೊಬ್ಬರು ಹೆಣ್ಣು ತರುವುದಿಲ್ಲ.

ಎರಡನೆಯದು. ದುಡಿಮೆ ಇವರದು, ತೀರ್ಮಾನ ಇವರದಲ್ಲ. ಕಾಣಿಕೆ ಎಷ್ಟು ಬಂತು, ಹಬ್ಬದ ಖರ್ಚು ಎಷ್ಟು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಜನರ ಮುಂದೆ ಓದುವುದಿಲ್ಲ. ಕೆಲವು ವರ್ಷಕ್ಕೆ ಫಾದರ್ ಬದಲಾಗುತ್ತಾರೆ. ಹೊಸಬರು ಬಂದರೆ ಎಲ್ಲ ಮೊದಲಿನಿಂದ.

ಮೂರನೆಯ ಮಾತು ಹೇಳುವಾಗ ಅವನ ದನಿ ಇಳಿಯಿತು. ಈಗಿರುವ ಫಾದರ್ ಒಳ್ಳೆಯವರಂತೆ. ಅವರಾಗಿಯೇ, "ಧರ್ಮಕೇಂದ್ರದ ಸಮಿತಿ ಮಾಡೋಣ, ಹೆಸರು ಕೊಡಿ" ಎಂದರು. ಒಂದು ಭಾನುವಾರ ಕೇಳಿದರು. ಎರಡನೆಯ ಭಾನುವಾರ ಕೇಳಿದರು. ಒಬ್ಬರೂ ಕೊಡಲಿಲ್ಲ. "ನಿಮ್ಮ ಜನಕ್ಕೆ ಆಸಕ್ತಿಯೇ ಇಲ್ಲವಲ್ಲ" ಎಂದು ಫಾದರ್ ಬೇಸರ ಪಟ್ಟರಂತೆ.

"ಆಸಕ್ತಿ ಐತ್ರಿ ಅಣ್ಣಾರ. ಆದ್ರ ಹೆಸರು ಯಾವುದು ಕೊಡೂಣು? ಸಾಲ್ಯಾಗ ಒಂದು ಹೆಸರು, ಚರ್ಚಿನ್ಯಾಗ ಒಂದು ಹೆಸರು. ಚರ್ಚಿನ ಹೆಸರು ಬೋರ್ಡಿನ ಮ್ಯಾಲೆ ಬಂತಂದ್ರ, ಯಾರರ ಒಯ್ದು ತಹಶೀಲ್ದಾರ್ರಿಗೆ ಅರ್ಜಿ ಹಾಕಿದ್ರ, ಮಕ್ಕಳ ಸರ್ಟಿಫಿಕೇಟು ಹೋತು, ಹಾಸ್ಟೆಲು ಹೋತು."

ಬಂಧುಗಳೇ, ಇದು ಒಬ್ಬನ ಮಾತಲ್ಲ. ಈ ನಾಡಿನ ಎಷ್ಟೋ ಕೇರಿಗಳ ಮಾತು. ಈ ಭಯಕ್ಕೆ ಹುಟ್ಟಿದ ದಿನವೂ ಇದೆ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆದೇಶ ಹೊರಬಿತ್ತು. ಅದರ ಮೂರನೆಯ ಪ್ಯಾರಾ ಪ್ರಕಾರ ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತ, ಮುಸ್ಲಿಂ ದಲಿತ ಹೊರಗೇ ಉಳಿದರು. ನಮ್ಮ ರಾಜ್ಯದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಇಟ್ಟಿದ್ದಾರೆ. ಅದು ಸಣ್ಣ ನೆರವು ಹೌದು. ಆದರೆ ಮೀಸಲು ಕ್ಷೇತ್ರ ಇಲ್ಲ, ದೌರ್ಜನ್ಯ ತಡೆ ಕಾಯಿದೆ ಇಲ್ಲ.

ದೌರ್ಜನ್ಯ ತಡೆ ಕಾಯಿದೆ ಇಲ್ಲವೆಂದರೆ ಏನು? ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೆನೆಯಿರಿ. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಮೊಕದ್ದಮೆಯ ಬೆನ್ನೆಲುಬು ಈ ಕಾಯಿದೆಯೇ. ನಾಳೆ ಬೆಂಕಿ ಇಡುವವನು ಕೇರಿಯಲ್ಲಿ ಶಿಲುಬೆ ಇರುವ ಮನೆ ಯಾವುದು, ಇಲ್ಲದ ಮನೆ ಯಾವುದು ಎಂದು ಆರಿಸಿ ಇಡುವುದಿಲ್ಲ. ಕಾಯಿದೆ ಮಾತ್ರ ಆರಿಸುತ್ತದೆ. ಧರ್ಮ ಬದಲಿಸಿ ಕ್ರೈಸ್ತನಾದವನು ಈ ಕಾಯಿದೆಯ ರಕ್ಷಣೆ ಕೇಳುವಂತಿಲ್ಲ ಎಂದು ಆಂಧ್ರದ ಹೈಕೋರ್ಟು 2025ರಲ್ಲಿ ಹೇಳಿದೆ.

ಮದರಾಸಿನ ಸೂಸೈ ಎಂಬ ಚಮ್ಮಾರನ ಮೊಕದ್ದಮೆಯನ್ನು ನಮ್ಮ ಓದುಗರು ತಿಳಿದಿರಬೇಕು. ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುವ ಪರಿಶಿಷ್ಟರಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಹಂಚಿತು. ಸೂಸೈ ಕ್ರೈಸ್ತ, ಅವನಿಗೆ ಕೊಡಲಿಲ್ಲ. ಅದೇ ರಸ್ತೆ, ಅದೇ ಅರಿ, ಅದೇ ತೊಗಲು. ಅವನು ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಕೋರ್ಟು ಹೇಳಿದ್ದರ ಸಾರ ಇಷ್ಟು: ಧರ್ಮ ಬದಲಾದ ಮೇಲೂ ಜಾತಿ ಉಳಿಯಬಹುದು, ಅದಷ್ಟೇ ಸಾಲದು, ಹೊಸ ಧರ್ಮದ ಸಮುದಾಯದೊಳಗೂ ಹಿಂದಿನಷ್ಟೇ ತೀವ್ರವಾದ ಕಷ್ಟ ಇದೆ ಎಂದು ರುಜುವಾತು ಮಾಡಬೇಕು.

ಇಲ್ಲಿದೆ ಗಂಟು. ರುಜುವಾತು ಕೊಡಬೇಕಾದವನು ಹೆಸರು ಹೇಳಲಾರ. ಹೆಸರು ಹೇಳಿದರೆ ಇದ್ದದ್ದೂ ಹೋಗುತ್ತದೆ. ಹೇಳದಿದ್ದರೆ "ನಿಮ್ಮಲ್ಲಿ ಜಾತಿ ಎಲ್ಲಿದೆ, ಸಾಕ್ಷಿ ಎಲ್ಲಿ?" ಎಂದು ಕೇಳುತ್ತಾರೆ. ಬಾಯಿಗೆ ಬಟ್ಟೆ ತುರುಕಿ ಸಾಕ್ಷಿ ಹೇಳು ಎನ್ನುವ ನ್ಯಾಯ ಇದು.

ಎರಡು ಹೆಸರು ಇಟ್ಟುಕೊಳ್ಳುವುದು ಕಾಯಿದೆಯ ಕಣ್ಣಲ್ಲಿ ತಪ್ಪು ಎಂದು ನಮಗೆ ಗೊತ್ತು. ಅದನ್ನು ನಾವು ಹಾಡಿ ಹೊಗಳುವುದಿಲ್ಲ. ಆದರೆ ದೇವರನ್ನು ಆರಿಸಿಕೊಳ್ಳಲು ಮಗಳ ಹಾಸ್ಟೆಲನ್ನು ಒತ್ತೆ ಇಡು ಎನ್ನುವ ಕಾಯಿದೆ, ಮನುಷ್ಯನಿಗೆ ಸುಳ್ಳು ಕಲಿಸುವ ಕಾಯಿದೆ. ತಪ್ಪಿತಸ್ಥ ಯಾರು?

2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಮೂರನೆಯ ಪ್ಯಾರಾ ತೆಗೆದುಹಾಕಿ ಎಂದು ಶಿಫಾರಸು ಮಾಡಿತು. ವರದಿ ಕಪಾಟು ಸೇರಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಅವರ ಮುಂದಾಳ್ತನದಲ್ಲಿ ಇನ್ನೊಂದು ಆಯೋಗ ನೇಮಿಸಿತು. ಎರಡು ವರ್ಷದ ಗಡುವು ಕೊಟ್ಟಿತು. ಗಡುವು ಮುಗಿಯಿತು, ಮತ್ತೆ ಗಡುವು ಕೊಟ್ಟಿತು. 2025ರಲ್ಲಿ ನಮ್ಮ ರಾಜ್ಯದ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಮುಂದೆ ಕ್ರೈಸ್ತ ಎಂದು ಸೇರಿಸಿದ ಹೆಸರುಗಳು ಕಂಡದ್ದಕ್ಕೇ ದೊಡ್ಡ ಗದ್ದಲವಾಯಿತು. ಇರುವ ಮನುಷ್ಯನನ್ನು ಇದ್ದಾನೆ ಎಂದು ಬರೆಯುವುದಕ್ಕೂ ಇಷ್ಟು ಅಂಜಿಕೆ!

ಇದು ಸರ್ಕಾರ ಹಾಕಿದ ಬೀಗ. ಚರ್ಚು ತನ್ನ ಕೈಯಾರೆ ಹಾಕಿಕೊಂಡ ಬೀಗ ಇನ್ನೊಂದಿದೆ.

ಪ್ರತಿ ವರ್ಷ ಆಗಸ್ಟ್ 10ನ್ನು ಕ್ರೈಸ್ತ ದಲಿತರು ಕರಾಳ ದಿನವೆಂದು ಆಚರಿಸುತ್ತಾರೆ. ಧರ್ಮಾಧ್ಯಕ್ಷರುಗಳೂ ಹೇಳಿಕೆ ಕೊಡುತ್ತಾರೆ. ಒಳ್ಳೆಯದು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಚರ್ಚಿನೊಳಗೇ ಜಾತಿಭೇದ ಇದೆ ಎಂದು ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಅಂತೋಣಿ ಪೂಲಾ ಕಾರ್ಡಿನಲ್ ಆದರು. ದಲಿತರಲ್ಲಿ ಅವರೇ ಮೊದಲಿಗರು. ನಮಗೂ ಸಂತೋಷ. ಆದರೆ ರೋಮಿನ ಕುರ್ಚಿ ದಲಿತನಿಗೆ ಸಿಕ್ಕರೂ ಹಳ್ಳಿಯ ಧರ್ಮಕೇಂದ್ರದ ಜಮಾ-ಖರ್ಚಿನ ಪುಸ್ತಕ ದಲಿತನ ಕೈಗೆ ಸಿಗದಿದ್ದರೆ ಏನು ಬಂತು?

ಇದು ನಾವು ಹೊರಗಿನವರು ಹೇಳುವ ಹೊಸ ಮಾತಲ್ಲ. 1983ರ ಅವರದೇ ಧರ್ಮಸಭೆಯ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಒಂದು ಹಣಕಾಸು ಸಮಿತಿ ಇರಲೇಬೇಕು, ಅದರಲ್ಲಿ ವಿಶ್ವಾಸಿಗಳು ಇರಬೇಕು ಎನ್ನುತ್ತದೆ. ಧರ್ಮಸಭೆಯ ಹಿತದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ. ಗೆಳೆಯನಿಗೆ ಇದು ಗೊತ್ತಿರಲಿಲ್ಲ. ಹತ್ತು ವರ್ಷ ಧರ್ಮೋಪದೇಶ ಹೇಳಿದವನಿಗೆ ಅವನ ಹಕ್ಕನ್ನು ಯಾರೂ ಹೇಳಿರಲಿಲ್ಲ.

ಆದ್ದರಿಂದ ಧರ್ಮಕೇಂದ್ರಗಳ ಗುರುಗಳಲ್ಲಿ ನಾವು ಕೇಳುವುದು ಇಷ್ಟೆ. ದಿಲ್ಲಿಯ ಬೀಗ ತೆಗೆಯಲು ಕಾಲ ಹಿಡಿಯುತ್ತದೆ. ನಿಮ್ಮ ಬೀಗಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ. ತಿಂಗಳಿಗೊಮ್ಮೆ ಪೂಜೆ ಮುಗಿದ ಮೇಲೆ ಲೆಕ್ಕವನ್ನು ಎಲ್ಲರ ಮುಂದೆ ಜೋರಾಗಿ ಓದಿರಿ. ಕೇಳುವುದಕ್ಕೆ ಸಹಿ ಬೇಕಿಲ್ಲ. ಸಮಿತಿಯ ಹೆಸರುಗಳನ್ನು ಬೋರ್ಡಿಗೆ ಹಚ್ಚಬೇಡಿರಿ. ಕೇರಿಗೆ ಬಂದು ಕೂತು, ಕೈ ಎತ್ತಿಸಿ ಆರಿಸಿರಿ. ಅದರಲ್ಲಿ ಹೆಂಗಸರು ಇರಲಿ. ಪವಿತ್ರ ಗುರುವಾರ ನೀವು ಹನ್ನೆರಡು ಜನರ ಪಾದ ತೊಳೆಯುತ್ತೀರಿ. ಆ ಹನ್ನೆರಡರಲ್ಲಿ ಹೆಂಗಸರೂ ಇರಬಹುದು ಎಂದು 2016ರಲ್ಲಿ ಪೋಪ್ ಫ್ರಾನ್ಸಿಸ್ ಕಟ್ಟಳೆ ಬದಲಿಸಿದರು. ತೊಳೆದ ಪಾದ ಮರುದಿನ ಸಮಿತಿಯ ಕೋಣೆಯೊಳಗೂ ಬರಲಿ. ಎರಡು ಕೇರಿಯ ನಡುವೆ ಒಂದಾದರೂ ಮದುವೆಯಾದರೆ ಚರ್ಚೇ ಮುಂದೆ ನಿಂತು ಮಾಡಲಿ. ಜನ ಸುಮ್ಮನಿದ್ದಾರೆ ಎಂದರೆ ಆಸಕ್ತಿ ಇಲ್ಲವೆಂದು ತಿಳಿಯಬೇಡಿರಿ. ಭಯ ಇದೆಯೇ ಎಂದು ಮೊದಲು ಕೇಳಿರಿ.

ಇನ್ನು ನಮ್ಮ ಮಾತು. ಬೇರೆಯವರ ಮನೆಯ ಕಸ ತೋರಿಸಿ ನಮ್ಮದನ್ನು ಮುಚ್ಚಿಕೊಂಡರೆ ನಾವು ಯಾವ ಚಳವಳಿಯವರು? ಮತಾಂತರವಾದರೂ ಜಾತಿ ಬೆನ್ನು ಬಿಡದ ಸಂಗತಿಯನ್ನು ಬಾಬಾಸಾಹೇಬರು ಅಂದೇ ಕಂಡು ಬರೆದಿದ್ದಾರೆ. ಚರ್ಚಿನಲ್ಲಿ ಎರಡು ಸಾಲು ಇದೆ ಎಂದೆವು. ಆ ಎರಡು ಸಾಲನ್ನು ಫಾದರ್ ಹಾಕಲಿಲ್ಲ. ಅದು ನಮ್ಮ ಕೇರಿಗಳಿಂದಲೇ ಹೋದದ್ದು. ನಮ್ಮ ಸಭೆಗಳಲ್ಲಿ ಅದು ಅಳಿದಿದೆಯೇ? ಎದೆ ಮುಟ್ಟಿ ಹೇಳಿರಿ.

"ಕಿರಿಸ್ತಾನ್ರು ಬಂದ್ರ ನಮ್ಮ ಪಾಲು ಕಡಿಮಿ ಆಗತೈತಿ" ಎಂದು ನಮ್ಮಲ್ಲೇ ಕೆಲವರು ಪಿಸುಗುಡುತ್ತಾರೆ. ಈ ಭಯಕ್ಕೂ ಉತ್ತರ ಕೊಡಬೇಕು, ಬೈದು ಸುಮ್ಮನಾಗಿಸಬಾರದು. ಅವರಲ್ಲಿ ಬಹಳ ಜನ ಕಾಗದದ ಮೇಲೆ ಈಗಲೂ ನಮ್ಮ ಲೆಕ್ಕದಲ್ಲೇ ಇದ್ದಾರೆ. ಅವರು ಹೊಸ ಬಾಯಿಗಳಲ್ಲ, ಹಳೆಯ ಹಸಿವು. ಉಳಿದವರು ಸೇರಿ ಜನ ಹೆಚ್ಚಾದರೆ ಪಾಲನ್ನೂ ಹೆಚ್ಚಿಸಿರೆಂದು ಕೂಡಿಯೇ ಕೇಳೋಣ. ತಟ್ಟೆ ಸಣ್ಣದಾಗಿದ್ದರೆ ತಟ್ಟೆ ಕೊಟ್ಟವನನ್ನು ಕೇಳಬೇಕು. ಪಕ್ಕದಲ್ಲಿ ಕೂತ ಹಸಿದವನನ್ನು ಎಬ್ಬಿಸಬಾರದು.

ನಾಲ್ಕು ತಾಲ್ಲೂಕಿನ ಗೆಳೆಯರಿಗೆ ನಮ್ಮ ಕೋರಿಕೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೇ ಸಭೆ ಮಾಡಿದರೂ ಶಿಲುಬೆ ಇರುವ ಮನೆಗೂ ಹೋಗಿ ಕರೆಯಿರಿ. ಭಾನುವಾರ ಬೆಳಿಗ್ಗೆ ಸಭೆ ಇಡಬೇಡಿರಿ. ಅವರಿಗೆ ಪೂಜೆ ಇರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿರೆಂದು ಒತ್ತಾಯ ಮಾಡಬೇಡಿರಿ.

ಆ ಗೆಳೆಯ ಹೋಗುವಾಗ, "ಈ ಸೇವಾ ಬಿಟ್ಟುಬಿಡ್ಲೇನು ಅಂತ ಮಾಡೀನ್ರಿ" ಎಂದ. ಅವನಿಗೆ ನಮ್ಮ ಮಾತು ಇಷ್ಟು. ಬಿಡಬೇಡ ತಮ್ಮಾ. ಆ ಮನೆಯ ಕಲ್ಲು ಹೊತ್ತವನು ನೀನು, ಲೆಕ್ಕ ಕೇಳುವ ಹಕ್ಕೂ ನಿನ್ನದು. ಹೆದರಿಕೆ ಆದಾಗ ಒಬ್ಬನೇ ಕೇಳಬೇಡ, ನಾಲ್ಕು ಮಂದಿ ಕೂಡಿ ಕೇಳಿರಿ. ಇನ್ನು ನಮ್ಮ ಸಭೆಯ ಮಾತು. ಅವತ್ತು ನಮಗೆ ಬಾಯಿ ಬರಲಿಲ್ಲ, ಈಗ ಹೇಳುತ್ತೇವೆ. ಬರಬೌದೇನ್ರಿ ಅಂತ ಕೇಳಬ್ಯಾಡ. ಬಾ. ಯಾವ ಹೆಸರಿನ್ಯಾಗ ಬಂದ್ರೂ ಬಾ.

ಜೈ ಭೀಮ್.