ಹೆಸರಿನ ಮೇಳವೋ, ಹಾಡಿನ ಮೇಳವೋ?

ಬೇರೆಬೇರೆ ಮೇಳಗಳಲ್ಲಿ ಈಗಾಗಲೇ ಕೀರ್ತಿಯನ್ನು ಸಂಪಾದಿಸಿದ ಗಾಯಕವಾದಕರು, ತಮ್ಮ ಮೂಲಮೇಳವನ್ನು ಬಿಡದೆಯೇ, ಬಿಡುವಿನ ಕಾಲದಲ್ಲಿ ಒಂದೆಡೆ ಸೇರಿ ಹೊಸದೊಂದು ಮೇಳವನ್ನು ಕಟ್ಟುವ ಪದ್ಧತಿಯು ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಬಹುಕಾಲದಿಂದ ಉಂಟು. ಅದಕ್ಕೆ ಅವರು ‘ಸೂಪರ್‌ಗ್ರೂಪ್’ ಎಂದು ಹೆಸರಿಟ್ಟಿದ್ದಾರೆ. ಸೇಡಂ, ಚಿತ್ತಾಪುರಗಳ ತರುಣರು ಆ ಸಂಗೀತವನ್ನು ಮೊಬೈಲಿನಲ್ಲಿ ದಿನವೂ ಕೇಳುತ್ತಾರೆ. ಹಿರಿಯರು ಅದನ್ನು ಗದ್ದಲವೆಂದು ತಳ್ಳಿಹಾಕುತ್ತಾರೆ. ನನ್ನ ವಾದವು ಈ ಇಬ್ಬರೊಡನೆಯೂ ಅಲ್ಲ. ಪ್ರಸಿದ್ಧರ ಹೆಸರುಗಳನ್ನು ಒಂದು ಹಂದರದ ಕೆಳಗೆ ಕೂಡಿಹಾಕಿದರೆ ಸಂಗೀತವು ತಾನಾಗಿಯೇ ಹುಟ್ಟುವುದೆಂದು ನಂಬಿ, ಜಾತ್ರೆ ಉತ್ಸವಗಳಿಗೆ ಕೂಡಿದ ಹಣವನ್ನು ಒಂದು ರಾತ್ರಿಯ ಹೆಸರುಗಳಿಗೆ ಸುರಿಯುವ ನಮ್ಮ ಸಮಿತಿಗಳ ಮಹನೀಯರೊಡನೆ ನನ್ನ ಜಗಳ.

‘ದೊಡ್ಡ ಹೆಸರಿಲ್ಲದಿದ್ದರೆ ಜನ ಕೂಡುವುದಿಲ್ಲ’ ಎಂಬುದು ಅವರ ಸಿದ್ಧಾಂತ. ಹೆಸರಿಗೆ ಜನ ಕೂಡುವರೆಂಬುದನ್ನು ಅಲ್ಲಗಳೆಯುವವರಾರು? 1969ರ ಜೂನ್ ತಿಂಗಳಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ‘ಬ್ಲೈಂಡ್ ಫೇಯ್ತ್’ ಎಂಬ ಮೇಳವು ಮೊದಲ ಸಲ ನುಡಿಸಿದಾಗ ಸುಮಾರು ಒಂದು ಲಕ್ಷ ಜನ ನೆರೆದಿದ್ದರು. ಎರಿಕ್ ಕ್ಲಾಪ್ಟನ್, ಜಿಂಜರ್ ಬೇಕರ್, ಸ್ಟೀವ್ ವಿನ್‌ವುಡ್ ಇವರ ಹೆಸರುಗಳೇ ಸಾಕಾಗಿದ್ದವು. ಅಮೆರಿಕೆಗೆ ಹೋದಾಗ ಸಭಿಕರು ಹೊಸ ಹಾಡುಗಳನ್ನು ಬಿಟ್ಟು ಅವರವರ ಹಳೆಯ ಮೇಳಗಳ ಹಾಡುಗಳನ್ನೇ ಬೇಡತೊಡಗಿದರು. ಇವರೂ ಅವನ್ನೇ ಹಾಡಬೇಕಾಯಿತು. ಒಂದು ಧ್ವನಿಮುದ್ರಿಕೆ ಹೊರಬಂದಿತು. ವರ್ಷವು ತುಂಬುವುದರೊಳಗಾಗಿ ಮೇಳವು ಮುರಿದುಹೋಯಿತು. ಹೆಸರಿಗಾಗಿ ಬಂದವರು ಹೆಸರನ್ನೇ ಕೇಳಿದರು. ಅದರಲ್ಲಿ ಅವರ ತಪ್ಪೇನು?

ಇದಕ್ಕೆ ವಿಪರೀತವಾದ ಇನ್ನೊಂದು ದೃಷ್ಟಾಂತವನ್ನು ವಾಚಕರು ಗಮನಿಸಬೇಕು. ಅಮೆರಿಕೆಯ ಸಿಯಾಟಲ್ ನಗರದಲ್ಲಿ ಆಂಡ್ರ್ಯೂ ವುಡ್ ಎಂಬ ತರುಣ ಗಾಯಕನು 1990ರ ಮಾರ್ಚ್ ತಿಂಗಳಲ್ಲಿ ಮಾದಕ ದ್ರವ್ಯಕ್ಕೆ ಬಲಿಯಾದನು. ಅವನೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದ ಕ್ರಿಸ್ ಕಾರ್ನೆಲ್ ‘ಸೌಂಡ್‌ಗಾರ್ಡನ್’ ಎಂಬ ಮತ್ತೊಂದು ಮೇಳದ ಗಾಯಕ. ಗೆಳೆಯನ ಮರಣವನ್ನು ನೆನೆದು ಅವನು ಕೆಲವು ಹಾಡುಗಳನ್ನು ಕಟ್ಟಿ, ತೀರಿಕೊಂಡವನ ಸಂಗಡಿಗರನ್ನೇ ಕರೆದು, ತನ್ನ ಮೇಳದ ಡ್ರಮ್ ವಾದಕನನ್ನೂ ಕೂಡಿಸಿಕೊಂಡು, ಸುಮಾರು 15 ದಿನಗಳಲ್ಲಿ ಅವನ್ನು ಮುದ್ರಿಸಿದನು. ಆ ಊರಿಗೆ ಆಗತಾನೆ ಬಂದಿದ್ದ ಎಡ್ಡಿ ವೆಡರ್ ಎಂಬ ಅಪರಿಚಿತನೂ ದನಿಗೂಡಿಸಿದನು. ಈ ತಾತ್ಕಾಲಿಕ ಮೇಳಕ್ಕೆ ‘ಟೆಂಪಲ್ ಆಫ್ ದಿ ಡಾಗ್’ ಎಂಬ ಹೆಸರು. ಅದೂ ಸತ್ತವನ ಹಾಡಿನೊಳಗಿಂದಲೇ ಎತ್ತಿಕೊಂಡದ್ದು. 1991ರ ಏಪ್ರಿಲಿನಲ್ಲಿ ಮುದ್ರಿಕೆಯು ಹೊರಬಿದ್ದಾಗ ಕೊಂಡವರು ವಿರಳ. ಮರುವರ್ಷ ಸೌಂಡ್‌ಗಾರ್ಡನ್ ಮೇಳವೂ, ಉಳಿದವರು ವೆಡರನೊಡನೆ ಕಟ್ಟಿದ್ದ ‘ಪರ್ಲ್ ಜ್ಯಾಮ್’ ಮೇಳವೂ ಜಗದ್ವಿಖ್ಯಾತವಾದಾಗ, ಅವೇ ಹಾಡುಗಳು ಹತ್ತು ಲಕ್ಷಕ್ಕೂ ಮಿಕ್ಕು ಮಾರಾಟವಾದುವು. ಹಾಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಇಲ್ಲಿ ಹೆಸರು ಹಾಡಿನ ಹಿಂದೆ ಬಂದಿತೇ ಹೊರತು ಹಾಡು ಹೆಸರಿನ ಹಿಂದೆ ಬರಲಿಲ್ಲ.

ಪ್ರತಿಯೊಂದು ಮೇಳಕ್ಕೂ ಒಂದು ಮರಣವೇ ಕಾರಣವಾಗಬೇಕೆಂದು ನಾನು ಹೇಳುತ್ತಿಲ್ಲ. 2008ರಲ್ಲಿ ಸ್ಯಾಮಿ ಹೇಗರ್, ಜೋ ಸ್ಯಾಟ್ರಿಯಾನಿ ಮೊದಲಾದ ನಾಲ್ವರು ‘ಚಿಕನ್‌ಫುಟ್’ ಎಂಬ ಹಾರ್ಡ್ ರಾಕ್ ಮೇಳವನ್ನು ಕೇವಲ ಸ್ನೇಹದ ಸಂತೋಷಕ್ಕಾಗಿ ಕಟ್ಟಿದರು. (ತಮ್ಮ ಎರಡನೆಯ ಮುದ್ರಿಕೆಗೆ ‘ಮೂರು’ ಎಂದು ಅಂಕೆಯಿಟ್ಟ ವಿನೋದಪ್ರಿಯರು!) ಶೋಕವಾಗಲಿ ಸ್ನೇಹವಾಗಲಿ, ಕೂಡುವುದಕ್ಕೆ ಒಂದು ನಿಮಿತ್ತ ಬೇಕು, ಕೂಡಿ ಕಳೆದ ದಿನಗಳು ಬೇಕು.

ಇದು ಪರದೇಶದ ಮಾತೆಂದು ಮೂಗು ಮುರಿಯುವವರಿಗೆ ನೆರೆನಾಡಿನ ಒಂದು ಸಂಗತಿಯನ್ನು ನೆನಪಿಸುತ್ತೇನೆ. 1921ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಬಾಲಗಂಧರ್ವರೂ ಕೇಶವರಾವ್ ಭೋಸಲೆಯವರೂ ಒಂದೇ ರಂಗದ ಮೇಲೆ ‘ಮಾನಾಪಮಾನ’ ನಾಟಕವನ್ನಾಡಿದರು. ಒಬ್ಬರದು ಗಂಧರ್ವ ನಾಟಕ ಮಂಡಳಿ, ಇನ್ನೊಬ್ಬರದು ಲಲಿತಕಲಾದರ್ಶ. ಎರಡೂ ಪ್ರತಿಸ್ಪರ್ಧಿ ಕಂಪನಿಗಳು. ಭಾಮಿನಿಯಾಗಿ ಬಾಲಗಂಧರ್ವರು, ಧೈರ್ಯಧರನಾಗಿ ಭೋಸಲೆಯವರು. ಬಂದ ಹಣವು ತಿಲಕ ಸ್ವರಾಜ್ಯ ನಿಧಿಗೆ. ಇವರಲ್ಲಿ ಯಾರು ಮೇಲೆಂದು ತೂಗುವುದಕ್ಕಾಗಿಯೇ ಹೋದವರೂ ಆ ಸಭೆಯಲ್ಲಿ ಇದ್ದಿರಬೇಕು; ಆದರೂ ಇಬ್ಬರನ್ನು ಬಿಗಿದದ್ದು ಒಂದೇ ನಾಟಕ, ಒಂದೇ ಉದ್ದೇಶ. ಅದೇ ವರ್ಷದ ಅಕ್ಟೋಬರಿನಲ್ಲಿ ಭೋಸಲೆಯವರು ತೀರಿಕೊಂಡರು. ‘ಸಂಯುಕ್ತ ಮಾನಾಪಮಾನ’ವೆಂಬ ಹೆಸರು ಮಾತ್ರ ನೂರು ವರ್ಷ ಕಳೆದರೂ ಅಳಿದಿಲ್ಲ.

ಇನ್ನು ನಮ್ಮ ಸೀಮೆ. ವಾಡಿ ಜಂಕ್ಷನ್ನಿನಲ್ಲಿ ಮುಂಬಯಿಯ ದಾರಿ, ಚೆನ್ನೈಯ ದಾರಿ, ಸಿಕಂದರಾಬಾದಿನ ದಾರಿ ಮೂರೂ ಕೂಡುತ್ತವೆ. ಅಷ್ಟುಮಾತ್ರಕ್ಕೆ ಪ್ರಯಾಣಿಕರು ಬಂಧುಗಳಾಗುವುದಿಲ್ಲ. ನಮ್ಮ ಉತ್ಸವದ ವೇದಿಕೆಯೂ ಹಾಗೆಯೇ. ಸಂಜೆ ಬಂದವರು ರಾತ್ರಿ ಹಾಡಿ, ಬೆಳಗಿನ ಗಾಡಿಗೆ ಹೊರಟುಹೋಗುತ್ತಾರೆ. ಪಕ್ಕದಲ್ಲಿ ಕುಳಿತವನ ಶ್ರುತಿಯೇನೆಂದು ಅವರಿಗೆ ತಿಳಿದಿರುವುದಿಲ್ಲ.

ಕಡಕೋಳ ಮಡಿವಾಳಪ್ಪನವರ ಪದಗಳನ್ನೂ, ಅವರ ಶಿಷ್ಯರಾದ ಚೆನ್ನೂರು ಜಲಾಲಸಾಹೇಬರ ಪದಗಳನ್ನೂ ಏಕತಾರಿ ದಮ್ಮಡಿಗಳೊಡನೆ ಹಾಡುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹಗಲು ಹೊಲದಲ್ಲಿ, ಶಹಾಬಾದಿನ ಕಲ್ಲಿನ ಗಣಿಯಲ್ಲಿ, ವಾಡಿಯ ಸಿಮೆಂಟಿನ ಕಾರ್ಖಾನೆಯಲ್ಲಿ ದುಡಿಯುವವರು ಇವರು. ಇವರ ಪಾಲಿಗೆ ಸಂಗೀತವೆಲ್ಲವೂ ಬಿಡುವಿನ ಕೆಲಸವೇ. ಅಮಾವಾಸ್ಯೆಯ ರಾತ್ರಿ ನಾಲ್ಕೂರಿನ ಹಾಡುಗಾರರು ಒಂದು ಮಠದಲ್ಲಿ ಕುಳಿತರೆ, ಒಬ್ಬನು ಉಸಿರು ಬಿಟ್ಟೆಡೆಯಲ್ಲಿ ಇನ್ನೊಬ್ಬನು ನುಡಿಯನ್ನೆತ್ತುತ್ತಾನೆ. ಇಂಥವರಿಗೆ ಉತ್ಸವದಲ್ಲಿ ದೊರಕುವ ಗೌರವವೇನು? ಗಣ್ಯರು ಬರುವವರೆಗೆ ಹೊತ್ತು ಕಳೆಯಲು ಹಾಡಬೇಕು. ಗಣ್ಯರ ಕಾರಿನ ಸದ್ದು ಕೇಳಿದೊಡನೆ ಪದವನ್ನು ಅರ್ಧಕ್ಕೆ ನಿಲ್ಲಿಸಿ ಕೆಳಗಿಳಿಯಬೇಕು. ಒಂದು ಶಾಲು, ಒಂದು ಪ್ರಮಾಣಪತ್ರ. ಕೆಲಸ ಬಿಟ್ಟು ಬಂದ ದಿನದ ಕೂಲಿಯೂ ಕೆಲವೊಮ್ಮೆ ಹುಟ್ಟುವುದಿಲ್ಲ.

ಸಮಿತಿಯವರು ಒಂದು ವರ್ಷ ಮಾತ್ರ ಹೀಗೆ ಮಾಡಿ ನೋಡಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಕಡೆಗಳಿಂದ ಇಬ್ಬಿಬ್ಬರಂತೆ, ಹೆಂಗಸರನ್ನು ಬಿಡದೆ, ಹತ್ತು ಜನರನ್ನು ಆರಿಸಲಿ. ಉತ್ಸವಕ್ಕೆ ಮೊದಲು 15 ದಿನ ಊಟ ವಸತಿಗಳನ್ನು ಒದಗಿಸಿ, ತಪ್ಪಿದ ಕೂಲಿಯನ್ನು ತುಂಬಿಕೊಟ್ಟು ತಾಲೀಮಿಗೆ ಕೂಡಿಸಲಿ. ಹಣವೆಲ್ಲಿಯದೆಂದು ಕೇಳುವವರು ಹೋದ ವರ್ಷದ ಲೆಕ್ಕವನ್ನು ತೆರೆದು, ಹೆಸರಿಗೆಷ್ಟು, ವಿಮಾನಕ್ಕೆಷ್ಟು, ದೀಪಾಲಂಕಾರಕ್ಕೆಷ್ಟು ಎಂಬುದನ್ನು ಊರಿನವರ ಮುಂದೆ ಓದಲಿ. ಗಿಟಾರು ನುಡಿಸಬಲ್ಲ ತರುಣನೊಬ್ಬನು ತಾನೂ ಬರುವೆನೆಂದರೆ ಅವನೂ ಬರಲಿ. ಅವನು ಏಕತಾರಿಗೆ ಶ್ರುತಿ ಹೊಂದಿಸಬೇಕೋ, ಏಕತಾರಿಯು ಅವನಿಗೋ ಎಂಬ ಜಗಳವು ಹುಟ್ಟೀತು. ಅದು ತಾಲೀಮಿನಲ್ಲಿಯೇ ತೀರಲಿ.