ಕೆಂಪು ಗೆರೆಯ ಮೇಲಣ ಮಾತು

ಬರೆಯಬೇಕೆಂಬ ಹಂಬಲವುಳ್ಳ ತರುಣರನ್ನು ಏಕೆ ಬರೆಯಲಿಲ್ಲವೆಂದು ಕೇಳಿದರೆ ದೊರೆಯುವ ಉತ್ತರಗಳು ಬಹುಮಟ್ಟಿಗೆ ಮೂರೇ ಬಗೆಯವು: ತಂತ್ರಾಂಶ ಹೇಳಿದಂತೆ ಕೇಳುವುದಿಲ್ಲ, ಓದು ಸಾಲದು, ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ಹಿರಿಯರು ಈ ಮೂರನ್ನೂ ಒಟ್ಟುಗೂಡಿಸಿ ನೆಪವೆಂದು ಕರೆದು ಮಾತು ಮುಗಿಸುವರು. ತರುಣರಾದರೋ ಮೂರನ್ನೂ ಒಟ್ಟುಗೂಡಿಸಿ ವಿಧಿಯೆಂದು ಭಾವಿಸಿ ಕೈಚೆಲ್ಲುವರು. ನನಗೆ ಈ ಎರಡು ತೀರ್ಮಾನಗಳೂ ಅವಸರದವೆಂದು ತೋರುತ್ತದೆ. ಯಾವ ಅಡ್ಡಿ ಉಪಕರಣದ್ದು, ಯಾವುದು ವ್ಯಾಸಂಗದ್ದು, ಯಾವುದು ಚಿತ್ತದ್ದು ಎಂಬ ವಿಂಗಡಣೆಯಾಗದ ಹೊರತು, ಯಂತ್ರದ ತಪ್ಪಿಗಾಗಿ ಬರೆಯುವವನು ತನ್ನನ್ನು ಹಳಿದುಕೊಳ್ಳುವುದೂ, ತನ್ನ ಆಲಸ್ಯಕ್ಕಾಗಿ ಯಂತ್ರವನ್ನು ದೂರುವುದೂ ನಿಲ್ಲಲಾರವು.

ಈ ವಿಚಾರವನ್ನು ಒರೆಗೆ ಹಚ್ಚಲು ಬೆಂಗಳೂರು ಮೈಸೂರುಗಳಿಗಿಂತ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ಹೆಚ್ಚು ಯೋಗ್ಯವಾದ ಸ್ಥಳ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿತು. ಆ ಕಾವೇರಿಯಿಂದ ಬಹುದೂರ ದಕ್ಷಿಣಕ್ಕೆ, ವೈಗೈ ನದಿಯ ಸೀಮೆಯಲ್ಲಿ, ಕಪ್ಪಿಲಿಯರೆಂದು ಕರೆಯಲ್ಪಡುವ ಒಕ್ಕಲು ಸಮುದಾಯದವರು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಆಡಿಕೊಂಡು ಬಂದಿದ್ದಾರೆ. ಹೊಲದಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ತಮಿಳು. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಹನುಮಂತನಪಟ್ಟಿಯಂತಹ ಊರಿನಲ್ಲಿ ಕುಳಿತು, ಅಜ್ಜಿಯ ಬಾಯಲ್ಲಿ ಕೇಳಿದ ಕಥೆಯೊಂದನ್ನು ಅದೇ ಮಾತಿನಲ್ಲಿ ಬರೆಯಬೇಕೆಂದು ಒಬ್ಬ ಹುಡುಗಿ ಮನಸ್ಸು ಮಾಡಿದಳೆಂದು ಊಹಿಸಿಕೊಳ್ಳೋಣ. ಅವಳ ಕಿವಿಯಲ್ಲಿ ಭಾಷೆಯಿದೆ, ಕೈಯಲ್ಲಿ ಲಿಪಿಯಿದೆ. ಆದರೆ ಕಿವಿಯ ಭಾಷೆಗೂ ಕೈಯ ಲಿಪಿಗೂ ಪರಸ್ಪರ ಪರಿಚಯವಿಲ್ಲ.

ಕೈಗೆ ಬಂದ ತಮಿಳು ಲಿಪಿಯಲ್ಲಿಯೇ ಬರೆಯಬಾರದೇಕೆ ಎಂದು ಕೇಳಬಹುದು. ತಮಿಳು ಲಿಪಿ ತಮಿಳಿಗೆ ಸರ್ವಾಂಗಸುಂದರವಾಗಿ ಒಪ್ಪುವಂಥದು. ಅದರ 18 ವ್ಯಂಜನಗಳಲ್ಲಿ ಕಕಾರ ಗಕಾರಗಳೆರಡಕ್ಕೂ ಒಂದೇ ಅಕ್ಷರ, ಟಕಾರ ಡಕಾರಗಳಿಗೆ ಒಂದೇ, ಪಕಾರ ಬಕಾರಗಳಿಗೆ ಒಂದೇ, ಏಕೆಂದರೆ ಆ ಭಾಷೆಯಲ್ಲಿ ಧ್ವನಿಯ ಭೇದವನ್ನು ಅಕ್ಷರವಿರುವ ಸ್ಥಾನವೇ ತಿಳಿಸಿಕೊಡುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಗುಡಿ’ ಎಂದು ಬರೆದರೂ ‘ಕುಡಿ’ ಎಂದು ಬರೆದರೂ ಆ ಲಿಪಿಯಲ್ಲಿ ರೂಪವೊಂದೇ. ‘ಗಾಳಿ’ಯೂ ‘ಕಾಳಿ’ಯೂ ಅಲ್ಲಿ ಒಂದೇ. ಪಶ್ಚಿಮಘಟ್ಟದ ಸಂದುಗಳಿಂದ ಆಷಾಢದಲ್ಲಿ ಬೀಸಿ ಬರುವ ಗಾಳಿಯನ್ನು ಬಲ್ಲ ಆ ಕಣಿವೆಯ ಹುಡುಗಿ, ತಾನು ಬರೆದ ಗಾಳಿಯನ್ನು ಓದುವವರು ದೇವತೆಯೆಂದು ತಿಳಿದಾರೆಂಬ ಶಂಕೆಯಿಂದಲೇ ಲೇಖನಿಯನ್ನು ಕೆಳಗಿಡಬೇಕಾಗುತ್ತದೆ. ಇದು ಆಲಸ್ಯವಲ್ಲ, ನೆಪವೂ ಅಲ್ಲ. ಉಪಕರಣದ ನಿಜವಾದ ಮಿತಿ.

ಆಕೆ ಕನ್ನಡ ಲಿಪಿಯನ್ನು ಕಲಿತು ಗಣಕಯಂತ್ರದ ಮುಂದೆ ಕುಳಿತಳೆಂದರೂ ಉಪಕರಣದ ಅಧ್ಯಾಯ ಮುಗಿಯುವುದಿಲ್ಲ. ಕನ್ನಡವನ್ನು ಯಂತ್ರಕ್ಕೆ ಒಗ್ಗಿಸಿದವರ ಶ್ರಮ ಸಾಮಾನ್ಯವಾದುದಲ್ಲ: ಕೆ.ಪಿ. ರಾವ್ ಅವರು ಧ್ವನಿಕ್ರಮವನ್ನನುಸರಿಸಿದ ಕೀಲಿಮಣೆಯನ್ನು ರೂಪಿಸಿಕೊಟ್ಟರು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂದು ಸಹಸ್ರಾರು ಮಂದಿಗೆ ಕನ್ನಡದ ಬಾಗಿಲನ್ನು ತೆರೆಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳನ್ನೂ ಮುದ್ರಣಾಲಯಗಳನ್ನೂ ಹೊಕ್ಕಿತು. ಆದರೂ ಹಳೆಯ ಅಕ್ಷರವಿನ್ಯಾಸದಲ್ಲಿ ರಾತ್ರಿಯೆಲ್ಲ ಕುಳಿತು ಬೆರಳಚ್ಚಿಸಿದ ಪುಟವು, ಆ ಫಾಂಟ್ ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವ ಸಂಕಟವನ್ನು ಅನುಭವಿಸದ ಕನ್ನಡ ಬರಹಗಾರರು ವಿರಳ. ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬಂದಮೇಲೆ ಈ ಸಂಕಟ ಬಹುಮಟ್ಟಿಗೆ ನೀಗಿತು.

ಆ ಯೂನಿಕೋಡಿನಲ್ಲಿಯೂ ಒಂದು ಪ್ರಸಂಗವುಂಟು. ಅದು ಮನನಯೋಗ್ಯವಾದುದರಿಂದ ಇಲ್ಲಿ ಹೇಳುತ್ತೇನೆ. ಹಳಗನ್ನಡದಲ್ಲಿದ್ದು ಕಾಲಕ್ರಮದಲ್ಲಿ ಳಕಾರದೊಡನೆ ಬೆರೆತು ಮರೆಯಾದ ‘ೞ’ ಎಂಬ ಅಕ್ಷರಕ್ಕೆ ಅಲ್ಲಿ ಸ್ಥಾನವೇನೋ ದೊರೆತಿದೆ. ಆದರೆ ಅದರ ಅಧಿಕೃತ ನಾಮಧೇಯವನ್ನು ಕೊಡುವಾಗ ಪ್ರಮಾದವಶದಿಂದ ಅದನ್ನು ‘ಫ಼’ ಎಂದು ಹೆಸರಿಸಿಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮವಾದ್ದರಿಂದ, ತಪ್ಪೆಂದು ಒಪ್ಪಿಕೊಂಡ ಬಳಿಕವೂ ಆ ಹೆಸರು ಹಾಗೆಯೇ ಉಳಿದಿದೆ. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರವುಳ್ಳ ಶಬ್ದಗಳನ್ನು ಆಯ್ದು ಪಟ್ಟಿಮಾಡಿಟ್ಟನು, ತಮಿಳಿನಲ್ಲಿಯೋ ಆ ಧ್ವನಿ ಇಂದಿಗೂ ಜೀವಂತವಾಗಿದೆ. ಹೀಗೆ ಜೀವಂತವಾಗಿರುವ ಧ್ವನಿಯೊಂದಕ್ಕೆ ಜಗತ್ತಿನ ಯಂತ್ರಗಳೆಲ್ಲದರಲ್ಲಿಯೂ ತಪ್ಪು ಹೆಸರಿರಬಹುದಾದರೆ, ಯಂತ್ರದ ತೀರ್ಪನ್ನು ಭಾಷೆಯ ತೀರ್ಪೆಂದು ಯಾರೂ ತಿಳಿಯಬೇಕಾಗಿಲ್ಲ.

ಹಾಗೆ ತಿಳಿಯುವುದರಿಂದ ಆಗುವ ಹಾನಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಕಾಗುಣಿತ ಪರೀಕ್ಷಕದಲ್ಲಿ. ಮನೆಮಾತಿನ ಶಬ್ದವೊಂದನ್ನು ಬರೆದೊಡನೆ ಅದರಡಿಯಲ್ಲಿ ಕೆಂಪು ಗೆರೆಯೊಂದು ಮೂಡುತ್ತದೆ. ಮೊಬೈಲಿನಲ್ಲಾದರೆ ಆ ಶಬ್ದವನ್ನು ಅಳಿಸಿ, ತನಗೆ ಗೊತ್ತಿರುವ ಇನ್ನೊಂದನ್ನು ಕೀಲಿಮಣೆಯೇ ಇಟ್ಟುಬಿಡುವುದುಂಟು. ಯಂತ್ರ ಬಲ್ಲುದು ಈಗಾಗಲೇ ಬರೆದಿಟ್ಟ ಮಾತನ್ನು ಮಾತ್ರ. ಬರೆಯದೆ ಉಳಿದ ಮಾತೆಲ್ಲ ಅದರ ಪಾಲಿಗೆ ದೋಷ. ಆ ಗೆರೆಯ ಅರ್ಥ ‘ಇದು ನನ್ನ ಪಟ್ಟಿಯಲ್ಲಿಲ್ಲ’ ಎಂದಷ್ಟೆ. ಆದರೆ ಹದಿನೆಂಟು ವರ್ಷದ ಹುಡುಗಿ ಅದನ್ನು ಓದಿಕೊಳ್ಳುವುದು ‘ನಿನ್ನ ತಾಯಿಗೆ ಮಾತು ಬಾರದು’ ಎಂದು. ತಂತ್ರಾಂಶದಿಂದ ಬರಹಗಾರರಿಗೆ ಆಗುವ ಕಷ್ಟಗಳಲ್ಲಿ ಕಾಲಹರಣ ಚಿಕ್ಕದು, ಈ ಲಜ್ಜೆ ದೊಡ್ಡದು; ಹೋದ ಕಾಲವನ್ನು ಮರುದಿನ ದುಡಿದು ತುಂಬಿಕೊಳ್ಳಬಹುದು, ಲಜ್ಜೆಗೊಳಗಾದ ಮಾತು ಬಾಯಿಗೇ ಮರಳಿ ಬಾರದಿರಬಹುದು.

ಇದಕ್ಕೆ ಪರಿಹಾರವಾಗಿ ವ್ಯಾಸಂಗವನ್ನು ಸೂಚಿಸುವವರು ಸರಿಯಾದುದನ್ನೇ ಹೇಳುತ್ತಾರೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಮನೆಯ ಭಾಷೆಯೊಂದಾಗಿ ಬರಹದ ಭಾಷೆ ಇನ್ನೊಂದಾದರೂ ಸಾಧನೆ ಕುಂಠಿತವಾಗಬೇಕಾದುದಿಲ್ಲವೆಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ. ಆದರೆ ಅವರ ಸುತ್ತ ಕನ್ನಡದ ಗ್ರಂಥಗಳೂ ಪತ್ರಿಕೆಗಳೂ ಸಹೃದಯರೂ ಇದ್ದರು. ಕಣಿವೆಯ ಹುಡುಗಿಗೆ ಮನೆಯ ಮಾತೊಂದೇ ಗ್ರಂಥ. ಆದ್ದರಿಂದ ಆಕೆಯ ವ್ಯಾಸಂಗದ ಕ್ರಮವೂ ಬೇರೆಯಾಗಬೇಕು. ಮೊದಲು ಶಿಷ್ಟಕನ್ನಡವನ್ನು ಪೂರ್ಣವಾಗಿ ಕಲಿತು ಆಮೇಲೆ ಬರೆಯುವೆನೆಂದು ಕುಳಿತರೆ, ಕಲಿಕೆ ಮುಗಿಯುವ ಹೊತ್ತಿಗೆ ಬರೆಯಬೇಕಾಗಿದ್ದ ಮಾತು ಅಜ್ಜಿಯೊಡನೆ ಹೋಗಿರುತ್ತದೆ. ಕಿಟ್ಟೆಲರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿಗೆ ಪ್ರಾಚೀನ ಕಾವ್ಯಗಳನ್ನು ಶೋಧಿಸಿದಂತೆಯೇ ಜನರ ಬಾಯಲ್ಲಿದ್ದ ಗಾದೆಗಳನ್ನೂ ಸಂಗ್ರಹಿಸಿದರು. ಓದುವುದೂ ಕೇಳುವುದೂ ಅವರಿಗೆ ಒಂದೇ ವ್ಯಾಸಂಗದ ಎರಡು ಭಾಗಗಳಾಗಿದ್ದವು. ನಂಜನಗೂಡು ಸೀಮೆಯ ಆಡುಮಾತಿನಿಂದಲೇ ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು ಕಟ್ಟಿದರು. ಇದೇ ತೇನಿಯ ನೆಲದಲ್ಲಿ, ವೈಗೈ ಅಣೆಕಟ್ಟಿನಿಂದ ಊರು ಕಳೆದುಕೊಂಡ ಒಕ್ಕಲುಮಕ್ಕಳ ಬಾಳನ್ನು ವೈರಮುತ್ತು ಅವರು ‘ಕಳ್ಳಿಕ್ಕಾಟ್ಟು ಇತಿಹಾಸಂ’ ಎಂಬ ಕಾದಂಬರಿಯಾಗಿಸಿ 2003ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು. ಆ ನೆಲದ ತಮಿಳಿಗೆ ಸಂದ ಗೌರವ ಆ ನೆಲದ ಕನ್ನಡಕ್ಕೆ ಸಲ್ಲಬಾರದೆಂಬುದಕ್ಕೆ ಕಾರಣವಾವುದೂ ಇಲ್ಲ.

ಉಳಿದುದು ಚಿತ್ತದ ಪ್ರಶ್ನೆ. ಇದರಲ್ಲಿ ಮಾತ್ರ ದೋಷವನ್ನು ಅನ್ಯರ ಮೇಲೆ ಹೊರಿಸಲು ನಾನು ಒಪ್ಪಲಾರೆ. ಬರೆಯುವ ಹಲಗೆಯೂ ಹರಟೆಯ ಕಟ್ಟೆಯೂ ಇಂದು ಒಂದೇ ಮೊಬೈಲಿನಲ್ಲಿರುವುದು ನಿಜ. ಆದರೂ ಯಾವ ಸದ್ದಿಗೆ ಕಿವಿಗೊಡಬೇಕು, ಯಾವುದಕ್ಕೆ ಕೂಡದು ಎಂಬ ಅಧಿಕಾರ ಇನ್ನೂ ಬರೆಯುವವರ ಕೈಯಲ್ಲಿದೆ. ಏಕಾಗ್ರತೆ ಬಂದಮೇಲೆ ಬರೆಯುತ್ತೇನೆನ್ನುವುದು ಕ್ರಮವನ್ನು ತಲೆಕೆಳಗು ಮಾಡಿದಂತೆ. ಕಂಬಂ ಕಣಿವೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತಿದ್ದ ಪೆರಿಯಾರ್ ನೀರನ್ನು 1895ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ತಡೆದು, ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದುದರಿಂದಲೇ ಅವರ ಗದ್ದೆಗಳು ಹಸುರಾದುವು. ಹೊಸದಾಗಿ ನೀರನ್ನು ಯಾರೂ ಸೃಷ್ಟಿಸಲಿಲ್ಲ; ಇದ್ದ ನೀರಿಗೆ ಒಂದು ದಿಕ್ಕನ್ನು ಕೊಟ್ಟರು. ಗದ್ದೆಯವನು ಕೂಡ ತನ್ನ ಸರದಿಯ ಹೊತ್ತಿಗೆ ಬದುವನ್ನು ಭದ್ರಪಡಿಸಿಕೊಂಡು, ನೀರು ಒಂದೇ ಮಡಿಯಲ್ಲಿ ನಿಲ್ಲುವಂತೆ ಮಾಡುತ್ತಾನೆಯೇ ಹೊರತು ನೀರಿಗೆ ಚಾಂಚಲ್ಯವಿದೆಯೆಂದು ಶಪಿಸುತ್ತ ಕೂರುವುದಿಲ್ಲ. ಚಿತ್ತವೂ ಹಾಗೆಯೇ: ಇಂದು ಮುಗಿಸಬೇಕಾದ ವಾಕ್ಯ ಯಾವುದೆಂಬುದು ಸ್ಪಷ್ಟವಾಗಿದ್ದರೆ ಮನಸ್ಸು ಅಲ್ಲಿ ತಾನಾಗಿ ತಂಗುತ್ತದೆ, ಅದು ಅಸ್ಪಷ್ಟವಾಗಿರುವಾಗ ಎಂತಹ ಏಕಾಂತವೂ ಪ್ರಯೋಜನಕ್ಕೆ ಬಾರದು.

ಹೀಗೆ ವಿಂಗಡಿಸಿದಮೇಲೆ ಕರ್ತವ್ಯಗಳೂ ತಾವಾಗಿಯೇ ಹಂಚಿಹೋಗುತ್ತವೆ. ಗಡಿನಾಡಿನ ಹಾಗೂ ಹೊರನಾಡಿನ ಕನ್ನಡದ ಶಬ್ದಗಳನ್ನು ತಂತ್ರಾಂಶದ ನಿಘಂಟುಗಳಿಗೆ ಸೇರಿಸುವುದು ವಿಶ್ವವಿದ್ಯಾನಿಲಯಗಳ, ಸರ್ಕಾರದ, ತಂತ್ರಜ್ಞರ ಹೊಣೆ. ಅದನ್ನು ಒಬ್ಬ ಹುಡುಗಿಯ ಶ್ರದ್ಧೆಯ ಕೊರತೆಯೆಂದು ಎಣಿಸಬಾರದು. ಪುಸ್ತಕಗಳನ್ನು ಕಣಿವೆಗೆ ಮುಟ್ಟಿಸುವುದು ಕನ್ನಡ ಸಮಾಜದ ಹೊಣೆ. ದಿನಕ್ಕೊಂದು ಗಳಿಗೆ ಕುಳಿತು, ಮೊಬೈಲನ್ನು ದೂರವಿಟ್ಟು, ಕಿವಿಗೆ ಬಿದ್ದ ಮಾತನ್ನು ಮೊದಲು ನೋಟುಪುಸ್ತಕದಲ್ಲಿ ಕೈಯಿಂದ ಬರೆದು, ಆಮೇಲೆ ಯಂತ್ರಕ್ಕೆ ಏರಿಸುವುದು ಬರೆಯುವವಳದೇ ಹೊಣೆ. ಇದನ್ನು ಬೇರೆ ಯಾರೂ ಹೊರಲಾರರು. ಕೈಬರಹದಲ್ಲಿ ಕೆಂಪು ಗೆರೆ ಮೂಡುವುದಿಲ್ಲವಾದ್ದರಿಂದ ಮಾತು ಅಲ್ಲಿ ನಿರ್ಭಯವಾಗಿ ಇಳಿಯುತ್ತದೆ. ಯಂತ್ರಕ್ಕೆ ಏರಿಸುವಾಗ ಆ ಗೆರೆ ಮೂಡಿತೆಂದರೆ, ಯಾರೂ ಈವರೆಗೆ ಬರೆಯದ ಶಬ್ದವೊಂದರ ಬಳಿಗೆ ತಾನು ಬಂದಿರಬಹುದೆಂದು ಆಕೆ ಅರಿಯಲಿ. ಕಾಗುಣಿತದ ತಪ್ಪೇ ಆಗಿದ್ದರೆ ತಿದ್ದಿಕೊಳ್ಳಲಿ, ಸಂದೇಹವಾದರೆ ಎದ್ದು ಒಳಗೆ ಹೋಗಿ ಅವ್ವನನ್ನು ಕೇಳಲಿ. ಅವ್ವ ಆ ಮಾತನ್ನು ಇನ್ನೊಮ್ಮೆ ಆಡಿದಳೆಂದರೆ, ‘ನಿಘಂಟಿಗೆ ಸೇರಿಸು’ ಎಂಬ ಗುಂಡಿಯನ್ನು ಒತ್ತಿ ಮುಂದಿನ ವಾಕ್ಯಕ್ಕೆ ಸಾಗಲಿ.