ಮಳೆ ತಾರದ ಗುಡುಗು

ಮುಂಗಾರಿನ ಮೊದಲ ಗುಡುಗು ಕೇಳಿದೊಡನೆ ನಮ್ಮ ರೈತನ ಮುಖ ಅರಳುತ್ತದೆ. ಅದೇ ದನಿಗೆ ಎದೆ ನಡುಗುವ ಜನರೂ ಲೋಕದಲ್ಲಿದ್ದಾರೆಂಬುದನ್ನು ನಾನು ಅರಿತದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2020ರ ಆಗಸ್ಟಿನಲ್ಲಿ ನಡೆದ ಅನಾಹುತದ ವೃತ್ತಾಂತವನ್ನು ಓದಿದಾಗ. ಆ ತಿಂಗಳ 16ರಂದು ಅಲ್ಲಿಯ ಡೆತ್ ವ್ಯಾಲಿ ಎಂಬ ಮರುಭೂಮಿಯಲ್ಲಿ ಉಷ್ಣಮಾನ 54.4 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಅದೇ ಹೊತ್ತಿಗೆ ಉತ್ತರದ ಸೀಮೆಯಲ್ಲಿ ಮೋಡ ಕವಿಯಿತು, ಗುಡುಗಿತು. ಮಳೆ ಮಾತ್ರ ಬರಲಿಲ್ಲ. ಕೆಲವೇ ದಿನಗಳಲ್ಲಿ 12,000ಕ್ಕೂ ಮಿಕ್ಕ ಸಿಡಿಲುಗಳೆರಗಿ ನೂರಾರು ಕಡೆ ಕಾಡು ಹೊತ್ತಿಕೊಂಡಿತು. ಹಲವು ಕಿಚ್ಚುಗಳು ಒಂದುಗೂಡಿ ಬೆಳೆದ ಒಂದೇ ಬೆಂಕಿ ಹತ್ತು ಲಕ್ಷ ಎಕರೆಗೂ ಮೀರಿದ ನೆಲವನ್ನು ಸುಟ್ಟಿತು. 1902ರಿಂದ ರಕ್ಷಿತವಾಗಿದ್ದ ಬಿಗ್ ಬೇಸಿನ್ ವನದ ಮಹಾವೃಕ್ಷಗಳೂ ಉರಿಯಿಂದ ಪಾರಾಗಲಿಲ್ಲ.

ಇಂಥ ಮೋಡದಿಂದಲೂ ಮಳೆ ಹೊರಡುತ್ತದೆ. ಆದರೆ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಇಳಿಯುತ್ತಲೇ ಆವಿಯಾಗುತ್ತವೆ. ಆಗ ತಣಿದು ಭಾರವಾದ ಗಾಳಿ ನೆಲಕ್ಕೆ ಧುಮುಕಿ ದಿಕ್ಕುದಿಕ್ಕಿಗೆ ಬೀಸುತ್ತದೆ. ಕಿಡಿಯನ್ನು ಕೊಟ್ಟ ಮೋಡವೇ ಅದನ್ನು ಊದುವ ತಿದಿಯೂ ಆಗುತ್ತದೆ. ಕೆಲವು ಕಿಡಿಗಳು ಮರದ ಪೊಟರೆಯಲ್ಲಿ, ತರಗಿನಡಿಯಲ್ಲಿ ದಿನಗಟ್ಟಲೆ ಅಡಗಿದ್ದು, ಬಿಸಿಲೇರಿ ಗಾಳಿಯೆದ್ದ ದಿನ ತಲೆಯೆತ್ತುತ್ತವೆ. ಆದುದರಿಂದ ಮೋಡ ಚದುರಿತೆಂದು ಕಾವಲನ್ನು ಸಡಿಲಿಸುವಂತಿಲ್ಲ.

ಆದರೂ ತಪ್ಪನ್ನೆಲ್ಲ ಸಿಡಿಲಿನ ಮೇಲೆ ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಸಿಡಿಲು ಆ ಕಾಡಿಗೆ ಹೊಸದಲ್ಲ. ಅಲ್ಲಿಯ ಯುರೋಕ್, ಕರೂಕ್ ಮೊದಲಾದ ಮೂಲನಿವಾಸಿಗಳು ಕಾಲವರಿತು ಸಣ್ಣ ಬೆಂಕಿಯಿಟ್ಟು ಕಾಡಿನ ನೆಲವನ್ನು ಹಗುರಗೊಳಿಸುತ್ತಿದ್ದರು. ಆಳುವವರು ಅದನ್ನು ನಿಷೇಧಿಸಿದರು. 1935ರಲ್ಲಿ ಅಮೆರಿಕದ ಅರಣ್ಯ ಇಲಾಖೆಯು, ವರದಿಯಾದ ಪ್ರತಿಯೊಂದು ಬೆಂಕಿಯನ್ನೂ ಮರುದಿನ ಬೆಳಗಿನ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕೆಂದು ವಿಧಿಸಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಸಣ್ಣ ಬೆಂಕಿ ತಿಂದು ತೀರಿಸಬೇಕಾಗಿದ್ದ ತರಗು, ಒಣಕೊಂಬೆ, ಪೊದೆಗಳು ದಶಕಗಳ ಕಾಲ ಕೂಡಿಬಿದ್ದವು. ಏರುತ್ತಿರುವ ಭೂತಾಪ ಅವನ್ನು ಇನ್ನಷ್ಟು ಒಣಗಿಸಿತು. ಕಡ್ಡಿ ಗೀರಿದ್ದು ಸಿಡಿಲು, ಸೌದೆಯೊಟ್ಟಿದವರು ಮನುಷ್ಯರು.

ಇದು ಪರದೇಶದ ಸುದ್ದಿಯೆಂದು ನಾವು ಪತ್ರಿಕೆಯನ್ನು ಮಡಿಚಿಡುವಂತಿಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಬೇಸಗೆಯ ಆರಂಭದಲ್ಲೇ ‘ತರಗು ಬೆಂಕಿ’ಯಿಟ್ಟು ಉದುರೆಲೆಗಳನ್ನು ಮೆಲ್ಲನೆ ಸುಡುತ್ತಿದ್ದರು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಬಳಿಕ ಈ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದಕ್ಕೆ ಇದೂ ಕಾರಣವೆಂದು ಸೋಲಿಗರು ಹೇಳುತ್ತಾರೆ. ನಮ್ಮ ಕಾಡುಗಳಿಗೆ ಕಿಚ್ಚಿಡುವುದು ಬಹುಮಟ್ಟಿಗೆ ಸಿಡಿಲಲ್ಲ, ಮನುಷ್ಯನ ಕೈ. ಆದರೆ ಒಟ್ಟಿದ ಸೌದೆಯು ಕಿಡಿ ಯಾರದೆಂದು ಕೇಳುವುದಿಲ್ಲ.

ಕ್ಯಾಲಿಫೋರ್ನಿಯ ಇಂದು ತನ್ನ ಮೂಲನಿವಾಸಿಗಳ ಮಾತಿಗೆ ಕಿವಿಗೊಡತೊಡಗಿದೆ. ಹತ್ತು ಲಕ್ಷ ಎಕರೆ ಬೂದಿಯಾಗುವವರೆಗೆ ಕಾಯದೆ, ನಾವೂ ಸೋಲಿಗರನ್ನು ಕೇಳಬೇಕು. ಎಲ್ಲಿ, ಯಾವಾಗ, ಎಷ್ಟು ಬೆಂಕಿ ಹಿತವೆಂಬುದನ್ನು ಅರಣ್ಯಾಧಿಕಾರಿಯೂ ವಿಜ್ಞಾನಿಯೂ ಅವರೊಡನೆ ಕುಳಿತು ನಿರ್ಣಯಿಸಲಿ. ಸಿಡಿಲನ್ನು ತಡೆಯುವುದು ನಮ್ಮಿಂದಾಗದು. ಸೌದೆಯನ್ನು ತಗ್ಗಿಸುವುದು ಆದೀತು.